ನಮ್ಮ ಸೂರಿನ ಶೀಟು ಯಾವುದು?

ತಲೆ ಎತ್ತಿ ನೋಡಿ



ಈ ಪಾಠ ಓದುವ ಮೊದಲು ಒಂದು ಕೆಲಸ ಮಾಡಿ. ತಲೆ ಎತ್ತಿ ನೋಡಿ. ನಿಮ್ಮ ಮನೆಯ ಸೂರು ಯಾವುದು?

ತಾರಸಿಯೇ? ಹೆಂಚೇ? ತಗಡೇ? ಇಲ್ಲವೇ ಬೂದು ಬಣ್ಣದ ಸಿಮೆಂಟ್ ಶೀಟೇ?

ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಸುತ್ತಮುತ್ತ ನಮ್ಮಲ್ಲಿ ಬಹಳ ಜನ ಶೀಟಿನ ಮನೆಯಲ್ಲಿ ಇದ್ದೇವೆ. ಬಾಡಿಗೆ ಕಡಿಮೆ. ಕೆಲಸಕ್ಕೆ ಹತ್ತಿರ. ಬೇಸಿಗೆಯಲ್ಲಿ ಸೆಕೆ, ಮಳೆಗಾಲದಲ್ಲಿ ಸದ್ದು. ಆದರೂ ಅದು ನಮ್ಮ ಸೂರು.

ಈ ಸಿಮೆಂಟ್ ಶೀಟಿನ ಒಳಗೆ ಏನಿದೆ? ಅದರಿಂದ ಯಾವಾಗ ಅಪಾಯ? ಯಾವಾಗ ಹೆದರಬೇಕಿಲ್ಲ? ಬನ್ನಿ, ತಿಳಿಯೋಣ.

ಕಲ್ಲಿನಲ್ಲಿ ನಾರು

ತೆಂಗಿನಲ್ಲಿ ನಾರಿದೆ. ಬಾಳೆಯಲ್ಲಿ ನಾರಿದೆ. ಕಲ್ಲಿನಲ್ಲಿ ನಾರು ಇರುತ್ತದೆಯೇ?

ಇರುತ್ತದೆ. ಕೆಲವು ಬಗೆಯ ಬಂಡೆಗಳ ಒಳಗೆ ಎಳೆ ಎಳೆಯಾಗಿ ಬಿಡಿಸಬಹುದಾದ ನಾರು ಸಿಗುತ್ತದೆ. ಕಲ್ಲಿನಿಂದ ಬರುವ ನಾರು ಆದ್ದರಿಂದ ಅದಕ್ಕೆ ಕನ್ನಡದಲ್ಲಿ ಕಲ್ನಾರು ಎಂದು ಹೆಸರು. ಆಸ್ಬೆಸ್ಟಾಸ್ ಎಂದರೂ ಅದೇ. ನಮ್ಮ ರಾಜ್ಯದಲ್ಲಿ ಹಾಸನ ಜಿಲ್ಲೆಯ ಹೊಳೆನರಸೀಪುರದ ಕಡೆಯ ಬಂಡೆಗಳಲ್ಲೂ ಕಲ್ನಾರು ಇದೆ.

ಈ ನಾರಿಗೆ ಬೆಂಕಿ ಹತ್ತುವುದಿಲ್ಲ. ಅದು ಕೊಳೆಯುವುದಿಲ್ಲ. ಗೆದ್ದಲು ತಿನ್ನುವುದಿಲ್ಲ. ಎಳೆದರೆ ಬೇಗ ಹರಿಯುವುದಿಲ್ಲ. ಹಾಗಾಗಿ ಜನ ಇದನ್ನು ಬಹಳ ಒಳ್ಳೆಯ ವಸ್ತು ಎಂದುಕೊಂಡರು. ಆಸ್ಟ್ರಿಯಾ ದೇಶದ ಲುಡ್ವಿಗ್ ಹಾಟ್ಶೆಕ್ ಎಂಬಾತ 1900ರ ಸುಮಾರಿಗೆ ಸಿಮೆಂಟಿಗೆ ಕಲ್ನಾರು ಬೆರೆಸಿ ತೆಳ್ಳಗಿನ ಹಲಗೆ ಮಾಡುವ ವಿಧಾನ ಕಂಡುಹಿಡಿದ. ಮಣ್ಣಿನ ಗೋಡೆಗೆ ಹುಲ್ಲು ಕಲೆಸುತ್ತೇವಲ್ಲ, ಹಾಗೆಯೇ ಇದೂ. ಹುಲ್ಲು ಮಣ್ಣನ್ನು ಹಿಡಿದಿಡುತ್ತದೆ. ಕಲ್ನಾರು ಸಿಮೆಂಟನ್ನು ಹಿಡಿದಿಡುತ್ತದೆ.

ನಮ್ಮ ತಲೆ ಮೇಲಿರುವ ಸಿಮೆಂಟ್ ಶೀಟಿನಲ್ಲಿ 100 ಪಾಲಿಗೆ ಸುಮಾರು 8ರಿಂದ 10 ಪಾಲು ಕಲ್ನಾರು ಇರುತ್ತದೆ. ಉಳಿದದ್ದು ಸಿಮೆಂಟು, ಹಾರುಬೂದಿ ಮುಂತಾದವು.

ನಮ್ಮ ಕಡೆಗೆ ಶೀಟು ಬಂದ ಬಗೆ

ಮೊದಲು ನಮ್ಮ ಹಳ್ಳಿಗಳಲ್ಲಿ ನಾಡಹೆಂಚು, ಮಂಗಳೂರು ಹೆಂಚು, ಕಲ್ಲು ಚಪ್ಪಡಿ ಇದ್ದವು. ವೈಟ್‌ಫೀಲ್ಡ್ ಊರು ಹುಟ್ಟಿದ್ದು 1882ರಲ್ಲಿ. ಅಲ್ಲಿನ ಹಳೆಯ ಬಂಗಲೆಗಳಿಗೆ ಹೆಂಚಿನ ಮಾಡು ಇತ್ತು.

ಆಮೇಲೆ ಕಾರ್ಖಾನೆಗಳು ಬಂದವು. 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯಿತು. 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಕಡೆಯ ಜಮೀನಿನಲ್ಲಿ ಎಲೆಕ್ಟ್ರಾನಿಕ್ ಸಿಟಿ ಶುರುವಾಯಿತು. 1990ರ ದಶಕದಲ್ಲಿ ವೈಟ್‌ಫೀಲ್ಡ್ ಕಡೆ ಐಟಿ ಕಂಪನಿಗಳು ಬಂದವು. ಶೆಡ್‌ಗಳಿಗೆ ಅಗ್ಗದ ಮಾಡು ಬೇಕಿತ್ತು. ಕೆಲಸಕ್ಕೆ ಬಂದ ಜನರಿಗೆ ಬಾಡಿಗೆ ಮನೆ ಬೇಕಿತ್ತು. ಶೀಟು ಅಗ್ಗ. ಹೆಂಚಿನ ಹಾಗೆ ತುಂಬಾ ಮರ ಬೇಡ. ತಾರಸಿಯ ಹಾಗೆ ಕಬ್ಬಿಣ, ಜಲ್ಲಿ ಬೇಡ. ಎರಡು ದಿನದಲ್ಲಿ ಸೂರು ಸಿದ್ಧ. ಹೀಗೆ ಸಾಲು ಸಾಲು ಶೀಟಿನ ವಠಾರಗಳು ಎದ್ದವು.

ಈಗ ಹಳೆಯ ಶೆಡ್‌ಗಳನ್ನು ಕೆಡವುತ್ತಿದ್ದಾರೆ. ಅಲ್ಲಿ ಗೋಡೌನು, ಅಪಾರ್ಟ್‌ಮೆಂಟು ಕಟ್ಟುತ್ತಿದ್ದಾರೆ. ಕೆಡವುವಾಗ ಶೀಟು ಒಡೆಯುತ್ತದೆ. ಒಡೆಯದ ಶೀಟು ಗುಜರಿಗೆ ಹೋಗಿ, ಮತ್ತೊಂದು ಬಡವರ ಮನೆಗೆ ಬರುತ್ತದೆ. ಅದಕ್ಕೇ ಗುರುತಿಸುವುದನ್ನು ಕಲಿಯಬೇಕು.

ಗುರುತಿಸುವುದು ಹೇಗೆ?

ಐದು ಗುರುತು ನೆನಪಿಡಿ.

1. ಬಣ್ಣ. ಕಲ್ನಾರು ಶೀಟು ಸಿಮೆಂಟಿನಂತೆ ಬೂದು ಬಣ್ಣ. ಹೊಳಪಿಲ್ಲ. ಹಳೆಯದಾದರೆ ಮೇಲೆ ಕಪ್ಪಾಗುತ್ತದೆ. ಪಾಚಿ ಹಿಡಿಯುತ್ತದೆ.

2. ದಪ್ಪ. ಇದು ಸುಮಾರು 6 ಮಿಲಿಮೀಟರ್ ದಪ್ಪ. ತಗಡು ಕಾಗದದಂತೆ ತೆಳ್ಳಗಿರುತ್ತದೆ. ಶೀಟಿನ ಅಂಚು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ.

3. ಸದ್ದು. ತಗಡನ್ನು ಬೆರಳಲ್ಲಿ ತಟ್ಟಿದರೆ ಠಣ್ ಎನ್ನುತ್ತದೆ. ಕಲ್ನಾರು ಶೀಟು ಠಪ್ ಎನ್ನುತ್ತದೆ. ಕೈಗೆ ಎಟುಕಿದರೆ ಮಾತ್ರ ಮೆಲ್ಲಗೆ ತಟ್ಟಿ. ಸುತ್ತಿಗೆ ಬೇಡ.

4. ತುಕ್ಕು, ಅಯಸ್ಕಾಂತ. ಉಕ್ಕಿನ ತಗಡು ಹಳೆಯದಾದರೆ ತುಕ್ಕು ಹಿಡಿಯುತ್ತದೆ. ಅಯಸ್ಕಾಂತ ಅದಕ್ಕೆ ಅಂಟುತ್ತದೆ. ಕಲ್ನಾರು ಶೀಟಿಗೆ ಬೋಲ್ಟು ತುಕ್ಕು ಹಿಡಿದಿರಬಹುದು, ಶೀಟಿಗೆ ತುಕ್ಕಿಲ್ಲ. ಅಯಸ್ಕಾಂತ ಅಂಟುವುದಿಲ್ಲ.

5. ಒಡೆದ ಅಂಚು. ಮೊದಲೇ ಒಡೆದಿರುವ ಕಡೆ ದೂರದಿಂದ ನೋಡಿ. ಅಂಚಿನಲ್ಲಿ ಬಿಳಿ ಬಿಳಿ ಎಳೆ, ಕೂದಲಿನಂತೆ, ಕಾಣಬಹುದು. ನೋಡಬೇಕು ಅಂತ ನೀವು ಒಡೆಯಬೇಡಿ. ಬೆರಳಲ್ಲಿ ಕೆರೆಯಬೇಡಿ.

ಕಟ್ಟಡ ಕೆಲಸದವರ ನೀಲಿ ಶೆಡ್ ನೋಡಿದ್ದೀರಿ. ಅದು ತಗಡು. ಅದರಲ್ಲಿ ಕಲ್ನಾರು ಇಲ್ಲ.

ಈಗ ಕಲ್ನಾರು ಇಲ್ಲದ ಸಿಮೆಂಟ್ ಶೀಟು ಕೂಡ ಬರುತ್ತವೆ. ನೋಡಲು ಎರಡೂ ಒಂದೇ ಥರ. ಕೊಳ್ಳುವಾಗ ಶೀಟಿನ ಮೇಲಿನ ಮುದ್ರೆ ಓದಿ. ಈಗ ನಿಮಗೆ ಓದಲು ಬರುತ್ತದೆ ಅಲ್ವಾ? ಆಸ್ಬೆಸ್ಟಾಸ್ ಎಂಬ ಪದ, ಎಚ್ಚರಿಕೆಯ ಗುರುತು ಇದೆಯೇ ನೋಡಿ. ಇಂಗ್ಲಿಷಿನಲ್ಲಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ. ಮುದ್ರೆ ಅಳಿಸಿಹೋಗಿದ್ದರೆ ಕಣ್ಣಿನಿಂದ ಖಚಿತವಾಗಿ ಹೇಳಲು ಆಗುವುದಿಲ್ಲ. ಪ್ರಯೋಗಶಾಲೆಯಲ್ಲಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಹಾಗಾಗಿ ಅನುಮಾನ ಇದ್ದರೆ ಅದು ಕಲ್ನಾರು ಎಂದೇ ತಿಳಿದು ಜೋಪಾನವಾಗಿರಿ.

ಇನ್ನೊಂದು ಮಾತು. ಇಂಗ್ಲೆಂಡ್ 1999ರಲ್ಲಿ ಕಲ್ನಾರನ್ನು ನಿಷೇಧಿಸಿತು. ನಮ್ಮ ನೆರೆಯ ನೇಪಾಳವೂ 2015ರಲ್ಲಿ ನಿಷೇಧಿಸಿತು. ಅಂಥ ದೇಶಗಳಲ್ಲಿ ಹಳೆಯ ಕಟ್ಟಡದಲ್ಲಿ ಮಾತ್ರ ಕಲ್ನಾರು ಹುಡುಕುತ್ತಾರೆ. ನಮ್ಮ ದೇಶದಲ್ಲಿ 1986ರಿಂದ ಕಲ್ನಾರು ಗಣಿಗೆ ಹೊಸ ಗುತ್ತಿಗೆ ಕೊಡುವುದನ್ನು ನಿಲ್ಲಿಸಿದರು. ಆದರೆ ರಷ್ಯಾ ಮುಂತಾದ ದೇಶಗಳಿಂದ ಬಿಳಿ ಕಲ್ನಾರು ತರಿಸಿ ಶೀಟು ಮಾಡುವುದು ನಿಂತಿಲ್ಲ. ಅದಕ್ಕೇ "ನಮ್ಮದು ಹೊಸ ಶೀಟು, ಏನೂ ಆಗಲ್ಲ" ಎಂದು ಸುಮ್ಮನಿರಬೇಡಿ. ಹೊಸ ಶೀಟಿನಲ್ಲೂ ಕಲ್ನಾರು ಇರಬಹುದು.

ಇನ್ನೂ ಎಲ್ಲೆಲ್ಲಿ ಇರಬಹುದು?

ಮನೆಯಲ್ಲಿ: ಮಳೆನೀರು ಇಳಿಯುವ ಹಳೆಯ ಸಿಮೆಂಟ್ ಕೊಳವೆ, ಹೊಗೆ ಕೊಳವೆ, ಬಚ್ಚಲಿನ ಅಡ್ಡಗೋಡೆಗೆ ನಿಲ್ಲಿಸಿದ ಚಪ್ಪಟೆ ಶೀಟು.

ಕಾರ್ಖಾನೆಯಲ್ಲಿ: ಹಳೆಯ ಬಾಯ್ಲರ್ ಮತ್ತು ಬಿಸಿ ಪೈಪಿಗೆ ಸುತ್ತಿದ ಬಿಳಿ ಪಟ್ಟಿ, ಹಗ್ಗ, ಗ್ಯಾಸ್ಕೆಟ್ಟು, ಬೆಂಕಿಯ ಮುಂದೆ ಹಾಕುವ ಹಳೆಯ ಕೈಗವಸು.

ಗ್ಯಾರೇಜಿನಲ್ಲಿ: ಹಳೆಯ ಬ್ರೇಕ್ ಲೈನಿಂಗು, ಕ್ಲಚ್ ಪ್ಲೇಟು.

ಆಫೀಸಿನಲ್ಲಿ: ಹಳೆಯ ಕಟ್ಟಡಗಳ ಒಳಮಾಡಿನ ಹಲಗೆ. ಹೌಸ್‌ಕೀಪಿಂಗ್ ಕೆಲಸದ ಅಕ್ಕಂದಿರು ಇದನ್ನು ತಿಳಿದಿರಬೇಕು. ಒಳಮಾಡು ಒಡೆದು ಪುಡಿ ಬಿದ್ದಿದ್ದರೆ ಗುಡಿಸುವ ಮೊದಲು ಸೂಪರ್‌ವೈಸರ್‌ಗೆ ಹೇಳಿ. "ಇದು ಏನು ಹಲಗೆ?" ಎಂದು ಕೇಳಿ.

ಬಾಯ್ಲರ್ ಪೈಪಿಗೆ ಸುತ್ತಿದ್ದು ಮೆತ್ತಗಿರುತ್ತದೆ. ಮುಟ್ಟಿದರೇ ಪುಡಿ ಉದುರುತ್ತದೆ. ಅದು ಶೀಟಿಗಿಂತ ಹೆಚ್ಚು ಅಪಾಯ.

ಅಪಾಯ ಇರುವುದು ಧೂಳಿನಲ್ಲಿ

ಹಾಗಾದರೆ ಇವತ್ತೇ ಮನೆ ಬಿಡಬೇಕಾ? ಬೇಡ.

ಶೀಟು ಗಟ್ಟಿಯಾಗಿ, ಒಡೆಯದೆ, ತನ್ನ ಪಾಡಿಗೆ ಇದ್ದರೆ ನಾರು ಸಿಮೆಂಟಿನ ಹಿಡಿತದಲ್ಲಿ ಇರುತ್ತದೆ. ಮುಟ್ಟಿದರೆ ರೋಗ ಬರುವುದಿಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಅದರ ಕೆಳಗೆ ಅಡುಗೆ ಮಾಡಿದರೆ ಊಟ ವಿಷ ಆಗುವುದಿಲ್ಲ.

ಶೀಟನ್ನು ಕೊಯ್ದರೆ, ಒಡೆದರೆ, ತೂತು ಕೊರೆದರೆ, ಉಜ್ಜಿದರೆ ಧೂಳು ಏಳುತ್ತದೆ. ಆ ಧೂಳಿನಲ್ಲಿ ಕಲ್ನಾರಿನ ಎಳೆಗಳು ಇರುತ್ತವೆ. ಒಂದೊಂದು ಎಳೆ ನಮ್ಮ ತಲೆಕೂದಲಿಗಿಂತ ನೂರಾರು ಪಟ್ಟು ಸಣ್ಣದು. ಕಣ್ಣಿಗೆ ಕಾಣುವುದಿಲ್ಲ. ವಾಸನೆ ಇಲ್ಲ. ಉರಿ ಇಲ್ಲ. ಗಾಳಿಯಲ್ಲಿ ಬಹಳ ಹೊತ್ತು ತೇಲುತ್ತದೆ. ಉಸಿರಿನ ಜೊತೆ ಶ್ವಾಸಕೋಶಕ್ಕೆ ಹೋಗುತ್ತದೆ. ಬೆಂಕಿಗೇ ಸುಡದ ನಾರು ಅದು. ನಮ್ಮ ಮೈ ಅದನ್ನು ಕರಗಿಸಲಾರದು. ಒಳಗೇ ಉಳಿದುಬಿಡುತ್ತದೆ.

ಹಾಗೆ ಉಳಿದ ನಾರಿನಿಂದ ಏನಾಗುತ್ತದೆ?

ಶ್ವಾಸಕೋಶ ಗಟ್ಟಿಯಾಗಿ ಏದುಸಿರು ಬರುತ್ತದೆ. ಈ ರೋಗಕ್ಕೆ ಆಸ್ಬೆಸ್ಟೋಸಿಸ್ ಎಂದು ಹೆಸರು. ಶ್ವಾಸಕೋಶದ ಕ್ಯಾನ್ಸರ್ ಬರಬಹುದು. ಶ್ವಾಸಕೋಶದ ಹೊರಪೊರೆಗೆ ಮೆಸೊಥೆಲಿಯೋಮ ಎಂಬ ಕ್ಯಾನ್ಸರ್ ಬರಬಹುದು. ಗಂಟಲಿನ ಧ್ವನಿಪೆಟ್ಟಿಗೆಗೂ, ಹೆಂಗಸರ ಅಂಡಾಶಯಕ್ಕೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹೇಳಿದೆ. ಬಿಳಿ ಕಲ್ನಾರು ಸೇರಿ ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರುತ್ತದೆ ಎಂದೂ ಅದು ಹೇಳಿದೆ.

ಈ ರೋಗಗಳು ಬೇಗ ಕಾಣುವುದಿಲ್ಲ. 20 ವರ್ಷ, 30 ವರ್ಷ, ಕೆಲವೊಮ್ಮೆ 40 ವರ್ಷ ಆದಮೇಲೆ ಕಾಣುತ್ತವೆ. ಇವತ್ತು ಧೂಳು ಕುಡಿದ ಮಗುವಿಗೆ ನಡುವಯಸ್ಸಿನಲ್ಲಿ ರೋಗ ಬರಬಹುದು. ಆಗ ಕಾರಣ ಯಾರಿಗೂ ನೆನಪಿರುವುದಿಲ್ಲ. ಒಂದು ಸಲ ಧೂಳು ಕುಡಿದ ಎಲ್ಲರಿಗೂ ರೋಗ ಬರುತ್ತದೆ ಅಂತ ಅಲ್ಲ. ಎಷ್ಟು ಹೆಚ್ಚು ಧೂಳು, ಎಷ್ಟು ಹೆಚ್ಚು ದಿನ, ಅಷ್ಟು ಹೆಚ್ಚು ಅಪಾಯ. ಬೀಡಿ, ಸಿಗರೇಟು ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಇನ್ನೂ ಬಹಳ ಹೆಚ್ಚು.

ದೂರದ ಊರಿನ ಹೆಂಗಸರು

ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನಲ್ಲಿ ನೆಲ್ಲಿ ಕರ್ಶಾ ಎಂಬ ಹೆಣ್ಣುಮಗಳಿದ್ದಳು. 12ನೇ ವಯಸ್ಸಿಗೇ ಗಿರಣಿ ಕೆಲಸಕ್ಕೆ ಸೇರಿದಳು. ಕಲ್ನಾರಿನಿಂದ ನೂಲು ತೆಗೆಯುವುದು ಅವಳ ಕೆಲಸ. ವರ್ಷಗಟ್ಟಲೆ ಆ ಧೂಳಿನಲ್ಲಿ ದುಡಿದಳು. ಏದುಸಿರು ಬಂತು. ಕೆಲಸ ಬಿಡಬೇಕಾಯಿತು. 1924ರಲ್ಲಿ, 33ನೇ ವಯಸ್ಸಿನಲ್ಲಿ ತೀರಿಕೊಂಡಳು. ಗಿರಣಿಯವರು ತಮ್ಮ ತಪ್ಪಲ್ಲ ಎಂದರು. ಪರಿಹಾರ ಕೊಡಲಿಲ್ಲ. ವಿಲಿಯಂ ಕುಕ್ ಎಂಬ ವೈದ್ಯರು ಅವಳ ಶ್ವಾಸಕೋಶ ಪರೀಕ್ಷಿಸಿ, ಒಳಗೆ ಕಲ್ನಾರು ಕಂಡು, ವೈದ್ಯರ ಪತ್ರಿಕೆಯಲ್ಲಿ ಬರೆದರು. ಆಮೇಲೆ, 1931ರಲ್ಲಿ, ಆ ದೇಶದಲ್ಲಿ ಕಲ್ನಾರಿನ ಧೂಳು ತಡೆಯಲು ನಿಯಮ ಬಂತು.

1965ರಲ್ಲಿ ಲಂಡನ್ನಿನಲ್ಲಿ ಇಬ್ಬರು ಸಂಶೋಧಕರು ಮೆಸೊಥೆಲಿಯೋಮ ಬಂದವರ ಬದುಕನ್ನು ವಿಚಾರಿಸಿದರು. ಅವರಲ್ಲಿ ಕೆಲವರು ಎಂದೂ ಕಾರ್ಖಾನೆಯ ಒಳಗೆ ಕಾಲಿಟ್ಟವರಲ್ಲ. ಹಾಗಾದರೆ ನಾರು ಎಲ್ಲಿಂದ ಬಂತು? ಗಂಡ ಕಲ್ನಾರು ಕೆಲಸ ಮಾಡಿ ಮನೆಗೆ ಬರುತ್ತಿದ್ದ. ಹೆಂಡತಿ ಅವನ ಬಟ್ಟೆ ಒಗೆಯುತ್ತಿದ್ದಳು. ಬಟ್ಟೆ ಕೊಡವಿದಾಗ ಎದ್ದ ಧೂಳೇ ಸಾಕಾಯಿತು.

ಈ ಮಾತು ನಮಗೆ ಮುಖ್ಯ. ನಮ್ಮ ಮನೆಗಳಲ್ಲಿ ಬಟ್ಟೆ ಒಗೆಯುವವರು ಯಾರು? ಕಸ ಗುಡಿಸುವವರು ಯಾರು? ನಾವೇ ಅಲ್ವಾ?

ಇವನ್ನು ಮಾಡಬೇಡಿ

ಶೀಟಿಗೆ ಮೊಳೆ ಹೊಡೆಯಬೇಡಿ. ಜೋಲಿ ಕಟ್ಟಲು, ಫ್ಯಾನ್ ಹಾಕಲು ತೂತು ಮಾಡಬೇಡಿ. ಜೋಲಿಯನ್ನು ಮರದ ತೊಲೆಗೋ ಕಬ್ಬಿಣದ ಪೈಪಿಗೋ ಕಟ್ಟಿ.

ಸುಣ್ಣ, ಬಿಳಿ ಬಣ್ಣ ಬಳಿಯುವ ಮೊದಲು ತಂತಿ ಬ್ರಷ್ಷಿನಲ್ಲಿ ಪಾಚಿ ಉಜ್ಜಿಸಬೇಡಿ.

ಶೀಟಿನ ಪುಡಿಯನ್ನು ಒಣ ಪೊರಕೆಯಲ್ಲಿ ಗುಡಿಸಬೇಡಿ.

ಒಡೆದ ಚೂರನ್ನು ಮಕ್ಕಳ ಕೈಗೆ ಕೊಡಬೇಡಿ. ಬಳಪದ ಹಾಗೆ ಅದರಲ್ಲಿ ನೆಲದ ಮೇಲೆ ಬರೆದು ಆಡುತ್ತಾರೆ.

ಚೂರನ್ನು ಒಲೆಗೆ, ಬೆಂಕಿಗೆ ಹಾಕಬೇಡಿ. ಕಾದರೆ ಪಟಾಕಿಯಂತೆ ಸಿಡಿಯುತ್ತದೆ.

ಶೀಟಿನ ಮೇಲೆ ಕಾಲಿಡಬೇಡಿ. ಗಂಡಸರನ್ನೂ ಹತ್ತಲು ಬಿಡಬೇಡಿ. ಶೀಟು ಗಟ್ಟಿಯಾಗಿ ಕಾಣುತ್ತದೆ, ಆದರೆ ಆಳಿನ ಭಾರ ತಡೆಯುವುದಿಲ್ಲ. ಒಡೆದು ಕೆಳಗೆ ಬಿದ್ದು ಸತ್ತವರಿದ್ದಾರೆ. ಹತ್ತಲೇಬೇಕಾದರೆ ಕೆಲಸ ಬಲ್ಲವರು ತೊಲೆಯಿಂದ ತೊಲೆಗೆ ಗಟ್ಟಿ ಹಲಗೆ ಹಾಕಿ, ಸೊಂಟಕ್ಕೆ ಬೆಲ್ಟ್ ಕಟ್ಟಿ ಹತ್ತಬೇಕು.

ಇವನ್ನು ಮಾಡಿ

ಪುಡಿ ಬಿದ್ದಿದ್ದರೆ ಮೊದಲು ನೀರು ಚಿಮುಕಿಸಿ. ನೀರಿಗೆ ಸ್ವಲ್ಪ ಸೋಪು ಬೆರೆಸಿದರೆ ಧೂಳು ಚೆನ್ನಾಗಿ ನೆನೆಯುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ. ಆ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಗಂಟು ಕಟ್ಟಿ. ಮತ್ತೆ ಬಳಸಬೇಡಿ.

ನೀರು ಚಿಮುಕಿಸುವ ಮೊದಲು ಕರೆಂಟಿನ ಮೇನ್ ಸ್ವಿಚ್ ಆರಿಸಿ.

ಸೆರಗು, ಕರ್ಚೀಫು, ಬಟ್ಟೆ ಮಾಸ್ಕು ಈ ಧೂಳನ್ನು ತಡೆಯುವುದಿಲ್ಲ. ಶೀಟು ತೆಗೆಯುವಾಗ ನೀವು, ಮಕ್ಕಳು, ಬಸುರಿ, ಬಾಣಂತಿ ದೂರ ಇರಿ.

ಮನೆಯವರು ಶೀಟು ಕೊಯ್ಯುವ, ಶೆಡ್ ಕೆಡವುವ, ಹಳೆಯ ಬಾಯ್ಲರ್ ಬಿಚ್ಚುವ ಕೆಲಸ ಮಾಡಿದರೆ ಕೆಲಸದ ಜಾಗದಲ್ಲೇ ಬಟ್ಟೆ ಬದಲಿಸಲಿ. ಆ ಬಟ್ಟೆಯನ್ನು ಕೊಡವಬೇಡಿ. ನೇರವಾಗಿ ಬಕೆಟ್ ನೀರಿನಲ್ಲಿ ಮುಳುಗಿಸಿ. ಬೇರೆ ಬಟ್ಟೆ ಜೊತೆ ಸೇರಿಸದೆ ಒಗೆಯಿರಿ.

ಒಂದು ಮಾತುಕತೆ

ಪೀಣ್ಯದ ಕಡೆಯ ಒಂದು ವಠಾರ ಎಂದುಕೊಳ್ಳಿ. ತೆಂಗಿನಕಾಯಿ ಬಿದ್ದು ಒಂದು ಮನೆಯ ಶೀಟು ಒಡೆದಿದೆ. ಓನರ್ ಮೇಸ್ತ್ರಿಯನ್ನು ಕರೆತಂದಿದ್ದಾರೆ. ಇಬ್ಬಿಬ್ಬರು ಒಂದೊಂದು ಪಾತ್ರ ವಹಿಸಿ ಗಟ್ಟಿಯಾಗಿ ಓದಿ.

ಮೇಸ್ತ್ರಿ: ಅರ್ಧ ಗಂಟೆ ಕೆಲಸ ಸಾರ್. ಹಳೇದನ್ನ ಸುತ್ತಿಗೇಲಿ ಒಡೆದು ಕೆಳಕ್ಕೆ ಹಾಕ್ತೀನಿ. ಹೊಸ ಶೀಟು ಇಲ್ಲೇ ಓಣೀಲಿ ಕಟರ್ ಹಾಕಿ ಕೊಯ್ತೀನಿ.

ಅಕ್ಕ: ಅಣ್ಣಾ, ಒಂದ್ನಿಮಿಷ. ಇದು ಕಲ್ನಾರು ಶೀಟು. ಒಡೆದ್ರೆ ಧೂಳು ಏಳುತ್ತೆ. ಆ ಧೂಳು ಒಳ್ಳೇದಲ್ಲ.

ಓನರ್: ಏನಮ್ಮಾ, ಇಪ್ಪತ್ತು ವರ್ಷದಿಂದ ಇದೇ ಶೀಟು ಐತೆ. ಯಾರಿಗೆ ಏನಾಗಿದೆ?

ಅಕ್ಕ: ಸುಮ್ನೆ ಇರೋ ಶೀಟಿಂದ ಅಲ್ಲ ಅಣ್ಣಾ. ಒಡೆದಾಗ ಏಳೋ ಧೂಳಿಂದ. ರೋಗ ಬರೋದೇ ಇಪ್ಪತ್ತು ಮೂವತ್ತು ವರ್ಷ ಆದ್ಮೇಲೆ. ಓಣೀಲಿ ಎಂಟು ಮನೆ ಮಕ್ಳು ಆಡ್ತಾವೆ. ಮೇಲಿನ ಮಹಡೀಲಿ ನಿಮ್ಮ ಮೊಮ್ಮಗೂನೂ ಐತೆ.

ಅಜ್ಜಿ: ಅವಳು ಹೇಳೋದು ಸರಿ ಕಣಪ್ಪಾ. ಮೇಸ್ತ್ರಿ, ದಿನಾ ಈ ಕೆಲ್ಸ ಮಾಡೋನು ನೀನು. ಮೊದ್ಲು ಹೋಗೋದು ನಿನ್ನ ಎದೆಗೇ ಅಲ್ವಾ?

ಮೇಸ್ತ್ರಿ: ಯಾರೂ ಹೇಳೇ ಇಲ್ಲ ಅಜ್ಜೀ. ಈಗ ಏನ್ ಮಾಡ್ಬೇಕು?

ಅಕ್ಕ: ಮೊದ್ಲು ಶೀಟು ನೆನೆಸಿ. ಬೋಲ್ಟು ಬಿಚ್ಚಿ. ತುಕ್ಕು ಹಿಡಿದಿದ್ರೆ ಬೋಲ್ಟನ್ನ ಕೊಯ್ಯಿರಿ, ಶೀಟನ್ನ ಕೊಯ್ಯಬೇಡಿ. ಹಗ್ಗ ಕಟ್ಟಿ ಮೆಲ್ಲಗೆ ಇಳಿಸಿ. ಎಸೀಬೇಡಿ.

ಓನರ್: ಹೊಸದು?

ಅಕ್ಕ: ತಗಡು ಹಾಕ್ಸಿ ಅಣ್ಣಾ. ಬಿಸಿಲಿಗೆ ಸೆಕೆ ಜಾಸ್ತಿ, ಮಳೆಗೆ ಸದ್ದು ಜಾಸ್ತಿ, ನಿಜ. ಆದ್ರೆ ಎದೆಗೆ ಹೋಗೋ ನಾರು ಇಲ್ಲ. ಮೇಲೆ ಬಿಳಿ ಬಣ್ಣ ಹೊಡೆಸಿದ್ರೆ ಸೆಕೆ ಸ್ವಲ್ಪ ತಗ್ಗುತ್ತೆ.

ಓನರ್: ಒಂದು ದಿನದ ಕೂಲಿ ಜಾಸ್ತಿ ಆಗುತ್ತಲ್ಲಮ್ಮಾ.

ಅಜ್ಜಿ: ಆಸ್ಪತ್ರೆ ಖರ್ಚಿಗಿಂತ ಕಡಿಮೆ ಬಿಡಪ್ಪಾ.

ಓನರ್: ಆಯ್ತು. ಹಂಗೇ ಮಾಡ್ಸೋಣ. ನೀವು ಮಕ್ಳನ್ನ ದೂರ ಕರ್ಕೊಂಡು ಹೋಗಿ.

ಅಕ್ಕ ಜಗಳ ಆಡಲಿಲ್ಲ. ಮರ್ಯಾದೆಯಿಂದ, ಕಾರಣ ಹೇಳಿ ಮಾತಾಡಿದರು. ಒಣಗಲು ಹಾಕಿದ್ದ ಬಟ್ಟೆ ತೆಗೆದರು. ನೀರಿನ ಕೊಡಗಳನ್ನು ಮುಚ್ಚಿದರು. ಕಿಟಕಿ ಹಾಕಿದರು. ಆಮೇಲೆ ಎಲ್ಲರೂ ದೂರ ಹೋದರು.

ಹಳೆಯ ಶೀಟು ಏನು ಮಾಡುವುದು?

ಕೆರೆ ದಂಡೆ, ರಾಜಕಾಲುವೆ, ಖಾಲಿ ಸೈಟಿನಲ್ಲಿ ಎಸೆಯಬಾರದು. ಗಾಡಿಗಳು ಹತ್ತಿ ಪುಡಿ ಮಾಡುತ್ತವೆ. ಚೂರುಗಳನ್ನು ನೆನೆಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ, ಕಟ್ಟಿ ಇಡಬೇಕು. ಮೇಲೆ "ಕಲ್ನಾರು, ಒಡೆಯಬೇಡಿ" ಎಂದು ಬರೆಯಬೇಕು. ಆಮೇಲೆ ಪಾಲಿಕೆಯ ವಾರ್ಡ್ ಕಚೇರಿಯಲ್ಲಿ ಅಥವಾ ಪಂಚಾಯಿತಿಯಲ್ಲಿ ಎಲ್ಲಿ ಹಾಕಬೇಕು ಎಂದು ಕೇಳಬೇಕು. ದಿನದ ಕಸದ ಗಾಡಿಗೆ ಹಾಕಬಾರದು. ಕಸ ಆಯುವವರೂ ನಮ್ಮ ಹಾಗೆ ಹೆಂಗಸರೇ.

ಕಾರ್ಖಾನೆಗಳ ಅಪಾಯಕಾರಿ ಕಸದ ಮೇಲೆ ನಿಗಾ ಇಡುವುದು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ದೊಡ್ಡ ಶೆಡ್ ಕೆಡವಿ ಶೀಟಿನ ರಾಶಿ ಬಿಟ್ಟುಹೋಗಿದ್ದರೆ ಅಲ್ಲಿಗೂ ದೂರು ಕೊಡಬಹುದು.

ಕೆಲಸಗಾರರ ಹಕ್ಕು

1995ರ ಜನವರಿ 27ರಂದು ಸುಪ್ರೀಂ ಕೋರ್ಟ್ ಒಂದು ದೊಡ್ಡ ತೀರ್ಪು ಕೊಟ್ಟಿತು. ಕೆಲಸಗಾರರ ಆರೋಗ್ಯ ಅವರ ಬದುಕುವ ಹಕ್ಕಿನ ಭಾಗ ಎಂದು ಹೇಳಿತು. ಕಲ್ನಾರು ಕಾರ್ಖಾನೆಗಳು ಕೆಲಸಗಾರರ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಇಡಬೇಕು ಎಂದಿತು. ಕೆಲಸದಿಂದ ರೋಗ ಬಂದದ್ದು ಖಚಿತವಾದರೆ 1 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಎಂದಿತು.

ಇಷ್ಟು ವರ್ಷ ದಾಖಲೆ ಯಾಕೆ? ರೋಗ ತಡವಾಗಿ ಬರುವುದರಿಂದ. ನೀವೂ ನಿಮ್ಮ ದಾಖಲೆ ಇಟ್ಟುಕೊಳ್ಳಿ. ಎಲ್ಲಿ, ಯಾವ ವರ್ಷದಿಂದ ಯಾವ ವರ್ಷದವರೆಗೆ, ಏನು ಕೆಲಸ ಮಾಡಿದಿರಿ ಎಂದು ಒಂದು ಪುಸ್ತಕದಲ್ಲಿ ಬರೆಯಿರಿ. ಇಎಸ್‌ಐ ಕಾರ್ಡು, ಸಂಬಳದ ಚೀಟಿ ಎಸೆಯಬೇಡಿ.

ಬಹಳ ದಿನದ ಒಣ ಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು, ಎದೆನೋವು ಇದ್ದರೆ ಆಸ್ಪತ್ರೆಗೆ ಹೋಗಿ. ಇಎಸ್‌ಐ ಇದ್ದವರಿಗೆ ಪೀಣ್ಯ, ರಾಜಾಜಿನಗರದಲ್ಲಿ ಇಎಸ್‌ಐ ಆಸ್ಪತ್ರೆಗಳಿವೆ. ಕೆಮ್ಮು ಎಂದರೆ ಟಿ.ಬಿ. ಪರೀಕ್ಷೆ ಮಾಡುತ್ತಾರೆ. ಅದೂ ಆಗಬೇಕು. ಅದರ ಜೊತೆಗೆ ನೀವೇ ಬಾಯಿಬಿಟ್ಟು ಹೇಳಿ: "ಡಾಕ್ಟ್ರೇ, ನಾನು ಶೀಟಿನ ಧೂಳಿನಲ್ಲಿ ಕೆಲಸ ಮಾಡಿದ್ದೆ." ಹೇಳದಿದ್ದರೆ ಡಾಕ್ಟರಿಗೆ ಹೊಳೆಯದೆ ಹೋಗಬಹುದು.

ನೆನಪಿಡಿ

ಶೀಟು ತನ್ನ ಪಾಡಿಗೆ ಇದ್ದರೆ ಹೆದರಬೇಡಿ.
ಧೂಳು ಏಳಿಸಬೇಡಿ.
ಬಿದ್ದ ಧೂಳನ್ನು ಒಣಗಿದ್ದಾಗ ಮುಟ್ಟಬೇಡಿ.
ಹೊಸದಾಗಿ ಹಾಕಿಸುವಾಗ ಕಲ್ನಾರು ಇಲ್ಲದ್ದನ್ನು ಕೇಳಿ.

ಹೊಸ ಪದಗಳು

ಕಲ್ನಾರು: ಕಲ್ಲಿನಿಂದ ಬರುವ ನಾರು, ಆಸ್ಬೆಸ್ಟಾಸ್
ಶ್ವಾಸಕೋಶ: ಉಸಿರು ತುಂಬುವ ಅಂಗ
ಅಂಡಾಶಯ: ಹೆಂಗಸರ ಹೊಟ್ಟೆಯೊಳಗೆ ಅಂಡ ಹುಟ್ಟುವ ಅಂಗ
ಪರಿಹಾರ: ನಷ್ಟಕ್ಕೆ ಕೊಡುವ ಹಣ

ಉತ್ತರ ಹೇಳಿ

1. ತಗಡಿಗೂ ಕಲ್ನಾರು ಶೀಟಿಗೂ ಇರುವ ಮೂರು ವ್ಯತ್ಯಾಸ ಹೇಳಿ.
2. ಲಂಡನ್ನಿನ ಹೆಂಗಸರಿಗೆ ಮನೆಯಲ್ಲೇ ರೋಗ ಬಂದದ್ದು ಹೇಗೆ?
3. ಶೀಟಿನ ಪುಡಿಯನ್ನು ಒಣ ಪೊರಕೆಯಲ್ಲಿ ಯಾಕೆ ಗುಡಿಸಬಾರದು?

ಲೆಕ್ಕ ಮಾಡಿ

ಹತ್ತು ಅಡಿಯ ಒಂದು ಶೀಟು ಸುಮಾರು 40 ಕಿಲೋ ತೂಗುತ್ತದೆ. 10 ಕಿಲೋಗೆ 1 ಕಿಲೋ ಕಲ್ನಾರು ಎಂದು ಹಿಡಿಯಿರಿ. ಒಂದು ಶೀಟಿನಲ್ಲಿ ಎಷ್ಟು ಕಿಲೋ? ನಿಮ್ಮ ಮನೆಗೆ 8 ಶೀಟು ಹಾಕಿದ್ದರೆ ಒಟ್ಟು ಎಷ್ಟು ಕಿಲೋ?

ಬರೆಯಿರಿ

ಕೆಳಗಿನ ಅರ್ಜಿಯನ್ನು ನೋಟ್ ಪುಸ್ತಕದಲ್ಲಿ ಬರೆಯಿರಿ. ಖಾಲಿ ಜಾಗ ತುಂಬಿ. ಬೇಕಾದಾಗ ನಿಜವಾಗಿಯೂ ಕೊಡಿ.

ವಾರ್ಡ್ ಕಚೇರಿಯ ಅಧಿಕಾರಿಗಳಿಗೆ,
ಮಾನ್ಯರೇ,
ನಮ್ಮ ............ ಬೀದಿಯ ಅಂಗನವಾಡಿ ಹತ್ತಿರ ಒಡೆದ ಕಲ್ನಾರು ಶೀಟಿನ ರಾಶಿ ಹಾಕಿದ್ದಾರೆ. ಅದರ ಧೂಳು ಆರೋಗ್ಯಕ್ಕೆ ಅಪಾಯ. ಮಕ್ಕಳು ಅಲ್ಲಿ ಆಡುತ್ತಾರೆ. ದಯವಿಟ್ಟು ಅದನ್ನು ನೆನೆಸಿ, ಮುಚ್ಚಿ, ಬೇಗ ಸಾಗಿಸಬೇಕು. ಅರ್ಜಿ ತಲುಪಿದ್ದಕ್ಕೆ ರಸೀದಿ ಕೊಡಬೇಕು.
ದಿನಾಂಕ: ............
ಇಂತಿ, ಬೀದಿಯ ನಿವಾಸಿಗಳು

ಅರ್ಜಿಯ ಕೆಳಗೆ ನಿಮ್ಮ ಸಹಿ ಹಾಕಿ. ಅಕ್ಕಪಕ್ಕದ ಮನೆಯವರಿಗೆ ಅರ್ಜಿ ಓದಿ ಹೇಳಿ, ಅವರ ಸಹಿಯನ್ನೂ ಪಡೆಯಿರಿ. ಒಂದು ಪ್ರತಿಯನ್ನು ರಸೀದಿ ಜೊತೆ ಮನೆಯಲ್ಲಿ ಜೋಪಾನವಾಗಿ ಇಡಿ.